ಐನಾರಿಯ ಕ್ಯಾಮೆರಾ

"ಇಲ್ಲಿ ನೋಡಿ, 'ಗುರುತು ಸಿಗದ ಸಾಧನ' ಅಂತಿದೆ," ಎಂದು ಕಂಪ್ಯೂಟರ್ ರಿಪೇರಿಗೆ ಬಂದಿದ್ದ ಯೋರ್ಮಾ ಪರದೆಯ ಮೇಲಿನ ಹಳದಿ ಗುರುತನ್ನು ತೋರಿಸಿದ. "ಏನೋ ಒಂದನ್ನ ಸಿಕ್ಕಿಸಿದಾರೆ ಅಂತ ಕಂಪ್ಯೂಟರಿಗೆ ಗೊತ್ತು. ಏನು ಅಂತ ಗೊತ್ತಿಲ್ಲ."

"ನಮ್ಮಳಿಯನೂ ವಾರದಿಂದ ಅದನ್ನೇ ಹೇಳ್ತಿದಾನೆ ಕಣಪ್ಪ," ಎಂದಳು ಕೈಸು, ಗಂಡನ ಕಾಫಿಗೆ ಎರಡು ಚಮಚ ಸಕ್ಕರೆ ಸುರಿಯುತ್ತ.

ಗಂಡ ಐನಾರಿ ಗಾಲಿಕುರ್ಚಿಯಲ್ಲಿದ್ದ. ಕಾಯಿಲೆ ಅವನ ಕೈಕಾಲು, ಮಾತು ಎಲ್ಲವನ್ನೂ ಕಸಿದು ಕಣ್ಣುಗಳನ್ನಷ್ಟೇ ಬಿಟ್ಟಿತ್ತು. ಅವನ ನೋಟ ಪರದೆಯ ಯಾವ ಅಕ್ಷರದ ಮೇಲೆ ನಿಲ್ಲುತ್ತದೆಂದು ಕ್ಯಾಮೆರಾ ಹಿಡಿಯುತ್ತಿತ್ತು, ಕಂಪ್ಯೂಟರ್ ಅದನ್ನು ಗಟ್ಟಿಯಾಗಿ ಓದುತ್ತಿತ್ತು. ಹಳೆಯ ಕಂಪ್ಯೂಟರ್ ಕೆಟ್ಟು, ಬಂದ ಹೊಸದಕ್ಕೆ ಆ ಕ್ಯಾಮೆರಾದ ಗುರುತು ಸಿಗದೆ ಹೋದ ಮೇಲೆ ಮನೆಯಲ್ಲಿ ಇಬ್ಬರ ಮಾತನ್ನೂ ಕೈಸು ಒಬ್ಬಳೇ ಆಡುತ್ತಿದ್ದಳು. ಅದೇನೂ ಅವಳಿಗೆ ಕಷ್ಟವಾಗಿರಲಿಲ್ಲ ಬಿಡಿ.

ಕಿಟಕಿಯಾಚೆ, ಸರೋವರದ ದಡದಲ್ಲಿ, ಯಾರೋ ಒಬ್ಬ ಐನಾರಿಯ ದೋಣಿಯನ್ನು ಟ್ರೇಲರಿಗೆ ಏರಿಸಿ ಹಗ್ಗ ಬಿಗಿಯುತ್ತಿದ್ದ.

"ಮಾರಿಬಿಟ್ರಾ?" ಎಂದು ಕೇಳಿದ ಯೋರ್ಮಾ.

"ಇವನೇ ಹೂಂ ಅಂದ. ಕೇಳಿದಾಗೆಲ್ಲ ಕಣ್ಣು ಮುಚ್ಚಿದ. ಇಷ್ಟು ವರ್ಷ ಜೊತೇಲಿ ಬಾಳಿದೀನಿ, ನಂಗೆ ಗೊತ್ತಾಗಲ್ವಾ?"

ಯೋರ್ಮಾ ಕ್ಯಾಮೆರಾವನ್ನು ತಿರುಗಿಸಿ ನೋಡಿದ. ಕೈಸು ದಿನಾ ಒರೆಸಿ ಒರೆಸಿ ಅದರ ಮೇಲಿನ ಹೆಸರು ಅಳಿಸಿಹೋಗಿತ್ತು. ಅಳಿಯ ಆಕಾರ ನೋಡಿ ಇನ್ಯಾವುದೋ ಕ್ಯಾಮೆರಾವನ್ನು ನಡೆಸುವ ತಂತ್ರಾಂಶ, ಅಂದರೆ ಡ್ರೈವರ್, ಹಾಕಿದ್ದ.

"ನೋಡೋಕೆ ಎಲ್ಲಾ ಒಂದೇ ಥರ ಇರ್ತವೆ. ಅಂದಾಜಲ್ಲಿ ಹೋದ್ರೆ ಆಗಲ್ಲ," ಎಂದ ಯೋರ್ಮಾ. "ಪ್ರತಿಯೊಂದರ ಒಳಗೂ ಅದರದೇ ಒಂದು ನಂಬರ್ ಇರುತ್ತೆ. ಅದನ್ನೇ ಕೇಳ್ಬೇಕು."

ಆ ನಂಬರನ್ನು ತೆಗೆದು ಹುಡುಕಿದಾಗ ತಯಾರಕರ ಹಳೆಯ ಪುಟವೊಂದರಲ್ಲಿ ಸರಿಯಾದ ಡ್ರೈವರ್ ಸಿಕ್ಕಿತು. ಹಾಕಿದ ಮೇಲೆ ಹಳದಿ ಗುರುತು ಹೋಗಿ ಕ್ಯಾಮೆರಾದ ದೀಪ ಹತ್ತಿತು.

ಐನಾರಿಯ ಕಣ್ಣು ಅಕ್ಷರದಿಂದ ಅಕ್ಷರಕ್ಕೆ ಸರಿಯತೊಡಗಿತು. ಕೈಸುವಿಗೆ ಇದ್ದಕ್ಕಿದ್ದಂತೆ ಹೆದರಿಕೆಯಾಯಿತು.

"ದೋಣಿ ಮಾರಬೇಡ," ಎಂದಿತು ಯಂತ್ರದ ಸಪ್ಪೆ ದನಿ. ಆಮೇಲೆ, ನಿಧಾನವಾಗಿ, "ನಿನ್ನ ಮಾತು ಕೇಳಲಾರದೆ ಕಣ್ಣು ಮುಚ್ಚಿದೆ."

ಕೈಸು ಉಣ್ಣೆಯ ಕಾಲುಚೀಲದಲ್ಲೇ ಹಸಿ ಹುಲ್ಲಿನ ಮೇಲೆ ಓಡಿದಳು. ದಡದವನು ಕೈ ಬೀಸಿ ಏನೇನೋ ಹೇಳುತ್ತಿದ್ದುದು, ಅವಳು ತಾನೇ ಹಗ್ಗ ಬಿಚ್ಚಲು ಕೈ ಹಾಕಿದ್ದು ಕಿಟಕಿಯಿಂದ ಕಾಣಿಸಿತು.

ಒದ್ದೆ ಕಾಲಲ್ಲಿ ಒಳಗೆ ಬಂದಾಗ ಅವಳ ಮುಖ ಕೆಂಪಾಗಿತ್ತು. "ಚೆನ್ನಾಗಿ ಬೈದ. ಬೈಲಿ," ಎಂದಳು. ಆರಿದ ಕಾಫಿ ಚೆಲ್ಲಿ ಬಿಸಿಯದನ್ನು ಬಗ್ಗಿಸಿದಳು. ಸಕ್ಕರೆಗೆ ಚಮಚ ಹಾಕಿದವಳು ತಡೆದು ನಿಂತಳು.

"ಎಷ್ಟು ಹಾಕ್ಲಿ?"

ಐನಾರಿಯ ಕಣ್ಣು ಪರದೆಯತ್ತ ಹೊರಳಿತು. ತುಂಬಿದ ಚಮಚವನ್ನು ಲೋಟದ ಮೇಲೆ ಹಿಡಿದುಕೊಂಡು ಅವಳು ಅಲ್ಲಿ ಒಂದೊಂದೇ ಅಕ್ಷರ ಮೂಡುವುದನ್ನು ಕಾಯುತ್ತ ನಿಂತಳು.