ಫ್ರೀಜರಿನಲ್ಲಿ ಕುಳಿತ ಕಪ್ಪು ಮೀನು

ಶುಕ್ರವಾರ ಬಂತೆಂದರೆ ಕೊಲ್ಲಿ ನಾಡಿನ ಡಿಸ್ಕವರಿ ಗಾರ್ಡನ್ಸ್ ಬಡಾವಣೆಯ ಪ್ರಫುಲ್ಲಾಳಿಗೆ ಎದೆಯಲ್ಲಿ ಅವಲಕ್ಕಿ ಕುಟ್ಟಿದ ಹಾಗೆ. ಗಂಡ ತುಕ್ರನಿಗೆ ವಾರಕ್ಕೊಂದೇ ರಜೆ. ಆ ದಿನ ಬೆಳಗಾಗುತ್ತಲೇ ಅವನು ದಾರ, ಗಾಳ, ಸಿಗಡಿಯ ಡಬ್ಬಿ ಹಿಡಿದು ಕಡಲಿಗೆ ಹೊರಡುತ್ತಿದ್ದ. ಅಲೆ ತಡೆಯಲು ಪೇರಿಸಿದ ಬಂಡೆಗಳ ಸಂದಿಯಲ್ಲಿ ಕಪ್ಪು ಮೀನು ಇರುತ್ತದೆ. ಮಲ್ಪೆಯಲ್ಲಿ ಹುಟ್ಟಿದವನ ಕೈ ಸುಮ್ಮನಿರಬೇಕಲ್ಲ!

ಲೈಸೆನ್ಸ್ ಮಾಡಿಸಿದ್ದ, ಅನುಮತಿ ಇರುವ ಜಾಗಕ್ಕೇ ಹೋಗುತ್ತಿದ್ದ. ಅಷ್ಟರಮಟ್ಟಿಗೆ ಒಳ್ಳೆಯ ಮನುಷ್ಯ. ಆದರೆ ಬರಿಗಾಲಲ್ಲಿ ಬಂಡೆ ಹತ್ತುತ್ತಿದ್ದ. ಊರಿನ ಅಭ್ಯಾಸದಂತೆ ಗಾಳದ ದಾರವನ್ನು ಕೈಗೆ ಎರಡು ಸುತ್ತು ಸುತ್ತಿಕೊಳ್ಳುತ್ತಿದ್ದ.

“ಚಪ್ಪಲಿ ಹಾಕಿ ಕಡಲಿಗೆ ಇಳಿಯುದುಂಟಾ? ಕಡಲು ಅಂದ್ರೆ ಅಮ್ಮ ಅಲ್ವಾ?” ಎನ್ನುತ್ತಿದ್ದ. ಲೈಫ್ ಜಾಕೆಟ್ ಎಂದರೆ ಅವನಿಗೆ ನಗು. “ಅದು ದೋಣಿಯಲ್ಲಿ ಫೋಟೊ ತೆಗೆಸುವವರಿಗೆ. ನಾನು ನಡೆಯುವ ಮೊದಲೇ ಈಜು ಕಲ್ತವ.”

ಒಂದು ಶುಕ್ರವಾರ ಮೂರು ಮೀನು ತಂದ. ಬಲಗೈ ಮಣಿಕಟ್ಟಿಗೆ ಕರವಸ್ತ್ರ ಕಟ್ಟಿತ್ತು.

“ಎಂತ ಆಯ್ತು ಕೈಗೆ?”

“ಲಿಫ್ಟಿನ ಬಾಗಿಲು ತಾಗಿತು.”

ಪ್ರಫುಲ್ಲಾ ಕರವಸ್ತ್ರ ಬಿಚ್ಚಿದಳು. ಮಣಿಕಟ್ಟಿನ ಸುತ್ತಲೂ ಕೆಂಪಗೆ ಕೊಯ್ದ ಗೆರೆ. ಹಿಂದೆಯೇ ಬಂದಿದ್ದ ಯಾಕೂಬ್ ತಲೆ ತಗ್ಗಿಸಿ ನಿಂತಿದ್ದ. ಉಳ್ಳಾಲದ ಈ ಗೆಳೆಯ ತುಕ್ರನ ಕಂಪೆನಿಯಲ್ಲೇ ಸೇಫ್ಟಿ ಆಫೀಸರ್.

“ಪ್ರಫುಲ್ಲಕ್ಕ, ನನ್ನಿಂದ ಸುಳ್ಳು ಹೇಳ್ಲಿಕ್ಕೆ ಆಗುದಿಲ್ಲ,” ಎಂದ ಅವನು. “ಮೀನು ಕಚ್ಚಿದ್ದೇ ಸಂದಿಗೆ ನುಗ್ಗಿತು. ಇವನಿಗೆ ದಾರ ಬಿಡ್ಲಿಕ್ಕೆ ಆಗ್ಲಿಲ್ಲ. ಪಾಚಿಯಲ್ಲಿ ಕಾಲು ಜಾರಿ ಎರಡು ಬಂಡೆಯ ನಡುವೆ ಬಿದ್ದ. ನಾನು ದಾರ ಕೊಯ್ದು ಮೇಲೆ ಎಳೆದೆ. ಇವತ್ತು ಇವ ಒಬ್ಬನೇ ಇದ್ದಿದ್ರೆ…”

“ನನಗೆ ಈಜು ಬರ್ತದಲ್ಲ!” ಎಂದ ತುಕ್ರ.

“ತಲೆ ಕಲ್ಲಿಗೆ ಬಡಿದ ಮೇಲೆ ಯಾರು ಈಜುದು ಮಾರಾಯ? ಮಲ್ಪೆಯಲ್ಲಿ ಅಲೆ ನಿನ್ನನ್ನು ದಡದ ಹೊಯಿಗೆಗೆ ತಂದು ಹಾಕ್ತದೆ. ಇಲ್ಲಿ ಕಲ್ಲಿಗೆ ಬಡೀತದೆ. ಜಾಕೆಟ್ ಇದ್ರೆ ತೇಲ್ತಿ. ಎಳೆಯುವವರಿಗೆ ಸಮಯವಾದ್ರೂ ಸಿಗ್ತದೆ.”

ಪ್ರಫುಲ್ಲಾಳಿಗೆ ಎಲ್ಲಿಲ್ಲದ ಸಿಟ್ಟು ಬಂತು. ಮೂರೂ ಮೀನು ಕೊಯ್ದು, ತೊಳೆದು, ಫ್ರೀಜರಿಗೆ ತಳ್ಳಿ ಬಾಗಿಲು ಹಾಕಿದಳು.

“ನೀವು ಜಾಕೆಟ್, ಬೂಟು ಹಾಕಿ ಬಂಡೆ ಹತ್ತಿದ ದಿನ ಇದು ಗಸಿ ಆಗ್ತದೆ. ಅಲ್ಲಿವರೆಗೆ ಈ ಮನೆಯಲ್ಲಿ ಬೇಳೆ ಸಾರು. ಖಲಾಸ್.”

ತುಕ್ರ ನಕ್ಕ. ಶನಿವಾರ ಬೇಳೆ ಸಾರು. ಭಾನುವಾರವೂ ಅದೇ. ಮಗಳು ದೀಕ್ಷಿತಾ, “ಪಪ್ಪಾ, ಜಸ್ಟ್ ವೇರ್ ಇಟ್ ನಾ, ಪ್ಲೀಸ್,” ಎಂದು ಗೋಗರೆದಳು. ಪ್ರಫುಲ್ಲಾ ಮಾತ್ರ ಜಪ್ಪಯ್ಯ ಎಂದರೂ ಕರಗಲಿಲ್ಲ. ಗುರುವಾರ ಸಂಜೆ ತುಕ್ರ ತಟ್ಟೆ ಸರಿಸಿದ.

“ಎಂತ ಹಟ ಮಾರಾಯ್ತಿ ಇದು?”

ತುಕ್ರ ಕಟ್ಟಡದ ಸೈಟಿನಲ್ಲಿ ಫೋರ್‌ಮನ್. ನಲವತ್ತು ಜನರನ್ನು ಎತ್ತರಕ್ಕೆ ಹತ್ತಿಸುವವನು. ಪ್ರಫುಲ್ಲಾ ಎದುರಿಗೆ ಕುಳಿತಳು.

“ಬೆಲ್ಟ್ ಹಾಕದೆ ಬಂದವನಿಗೆ ಸೈಟಿನಲ್ಲಿ ನೀವು ಎಂತ ಹೇಳುದು?”

“ಯಲ್ಲಾ, ನಡಿ ವಾಪಸ್! ಹಾಕಿಕೊಂಡು ಬಾ ಅಂತ.”

“ಹತ್ತು ವರ್ಷದಿಂದ ಹತ್ತುತ್ತಾ ಇದ್ದೇನೆ ಅಂದ್ರೆ?”

“ನೀನು ಬಿದ್ರೆ ನಿನ್ನ ಹೆಂಡ್ತಿಗೆ ಫೋನ್ ಮಾಡ್ಬೇಕಾದವ ನಾನು ಅಂತೇನೆ.”

“ನನಗೆ ಯಾರು ಫೋನ್ ಮಾಡುದು?”

ತುಕ್ರ ಸರಿಸಿದ್ದ ತಟ್ಟೆಯನ್ನು ಮತ್ತೆ ಹತ್ತಿರ ಎಳೆದುಕೊಂಡ. “ಆದ್ರೆ ಕಡಲಮ್ಮನಿಗೆ…” ಎಂದ.

“ಬರಿಗಾಲಲ್ಲೇ ಕೈ ಮುಗಿಯಿರಿ. ಮತ್ತೆ ಬೂಟು ಹಾಕಿ. ಮಗ ಜೀವಂತ ಮನೆಗೆ ಹೋದ್ರೆ ಅಮ್ಮ ಬೇಡ ಅಂತಾಳಾ?”

ಮರುದಿನ ಪ್ರಫುಲ್ಲಾ ತಾನೇ ಜೊತೆಗೆ ಹೊರಟಳು. ತುಕ್ರ ದಡದಲ್ಲಿ ಬರಿಗಾಲಲ್ಲಿ ನಿಂತು ನೀರು ಮುಟ್ಟಿ ಕಣ್ಣಿಗೊತ್ತಿಕೊಂಡ. ಆಮೇಲೆ ಜಾರದ ಬೂಟು ಹಾಕಿದ. ಯಾಕೂಬ್ ತಂದ ಜಾಕೆಟ್ಟಿನ ಪಟ್ಟಿ ಬಿಗಿದ. ದಾರ ಈ ಸಲ ಕೈಗಲ್ಲ, ಮರದ ತುಂಡಿಗೆ ಸುತ್ತಿತ್ತು.

ಅಷ್ಟರಲ್ಲಿ ಪರಿಚಯದ ಡೆನಿಸ್ ಹವಾಯಿ ಚಪ್ಪಲಿಯಲ್ಲಿ, ಒಬ್ಬನೇ, ಗಾಳ ಹಿಡಿದು ಬಂದ. ತುಕ್ರನನ್ನು ಕಂಡು ನಕ್ಕ. “ಎಂತ ತುಕ್ರಣ್ಣ, ಈಜು ಮರೆತು ಹೋಯ್ತಾ?”

ತುಕ್ರ ಸೈಟಿನ ಧ್ವನಿಯಲ್ಲೇ ಕೂಗಿದ: “ಯಲ್ಲಾ, ವಾಪಸ್! ಹಾಕಿಕೊಂಡು ಬಾ! ನಿನ್ನ ಹೆಂಡ್ತಿಗೆ ಫೋನ್ ಮಾಡುವ ಕೆಲಸ ನನಗೆ ಬೇಡ!”

ಪ್ರಫುಲ್ಲಾ ಮತ್ತೆ ಅಲ್ಲಿ ನಿಲ್ಲಲಿಲ್ಲ. ಮನೆಗೆ ಹೋಗಿ ಫ್ರೀಜರಿನಿಂದ ಮೀನು ತೆಗೆದು ಗಸಿಗೆ ಕಾಯಿ ತುರಿಯಲು ಕುಳಿತಳು.

ಬಂಡೆಯ ಮೇಲೆ ಗಾಳ ಹಾಕುವ ಅಣ್ಣಂದಿರೇ, ನಿಮ್ಮ ಈಜಿನ ಮೇಲೆ ನಮಗೆ ಅನುಮಾನವಿಲ್ಲ. ಅನುಮಾನ ಪಾಚಿಯ ಮೇಲೆ. ಜಾಕೆಟ್ ತೊಡಿ, ಜಾರದ ಬೂಟು ಹಾಕಿ, ದಾರವನ್ನು ಕೈಗೆ ಸುತ್ತಬೇಡಿ. ಒಬ್ಬರೇ ಹೋಗಬೇಡಿ, ಎಲ್ಲಿಗೆ ಹೋಗುತ್ತೀರೆಂದು ಮನೆಯಲ್ಲಿ ಹೇಳಿ. ಅಲೆ ಜೋರಿದ್ದರೆ ಅಂದು ಬೇಡವೇ ಬೇಡ. ಮತ್ತೆ ಅಕ್ಕಂದಿರೇ, ಅವರು ಕೇಳದಿದ್ದರೆ? ನಿಮ್ಮ ಮನೆಯಲ್ಲೂ ಒಂದು ಫ್ರೀಜರ್ ಇದೆಯಲ್ಲ!