ದಿನದ ಕೊನೆಯ ಮಗು

ಯಾರಾದರೂ ಏನಾದರೂ ಕೇಳಿದರೆ ನನಗೆ ಬಾಯೇ ಬರುವುದಿಲ್ಲ. ಈ ಕೆಲಸಕ್ಕೆ ನಾನು ಲಾಯಕ್ಕಲ್ಲವೇನೋ. ಮಕ್ಕಳ ಮನೋವೈದ್ಯೆಯಾದ ನಮ್ಮ ಮೇಡಂ ಎಳೆಗೂಸುಗಳನ್ನು ಆಡಿಸುವುದನ್ನು ಗಾಜಿನ ಹಿಂದೆ ಕುಳಿತು ನೋಡಿ ಕಲಿಯುವುದು ನನ್ನ ತರಬೇತಿ. ಇವತ್ತು ಕೊನೆಯ ಮಗು ಬರುವ ಹೊತ್ತಿಗೆ ಇಬ್ಬರೂ ಸೋತು ಸುಣ್ಣವಾಗಿದ್ದೆವು.

"ಎಷ್ಟು ಆಡಿಸಿದ್ರೂ ಮುಖ ನೋಡಿ ನಗಲೇ ಇಲ್ಲ ಕಣೇ. ಅವರಮ್ಮನಿಗೆ ಹೇಳ್ಲೇಬೇಕು," ಎಂದು, ನಾನು ಒಳಗೆ ಹೋದಾಗ, ಮೇಡಂ ಕಣ್ಣುಜ್ಜಿಕೊಂಡು ಎದ್ದರು. "ನಿನಗೇನು ಕಾಣಿಸ್ತು, ಮೌನಗೌರಿ?"

ಹೊರಗೆ ಆ ತಾಯಿ ಮಗುವಿನ ಟೋಪಿಯನ್ನು ಹಿಂಡುತ್ತ ಕುಳಿತಿದ್ದಳು. ನಾನು ಹುಟ್ಟುವ ಮೊದಲಿನಿಂದಲೂ ಕೂಸುಗಳ ಮುಖ ಓದಿದವರಿಗೆ ನಾನು ಹೇಳಿಕೊಡುವುದೇ? ಮೇಡಂ ಬಾಗಿಲಿಗೆ ಕೈಹಾಕಿದರು.

"ನಕ್ತು ಮೇಡಂ," ಎಂದುಬಿಟ್ಟೆ. "ನಿಮ್ಮನ್ನೇ ನೋಡಿ ಚೆನ್ನಾಗಿ ನಕ್ತು. ಆಗ ನೀವು ಆಕಳಿಸ್ತಾ ಇದ್ರಿ."