ಗೂಢಚಾರನ ಒಂದು ಹೆಚ್ಚಿನ ಹೆಜ್ಜೆ

ಬೂಟಪ್ಪನ ಹೆಂಡತಿ ಟಿಕೆಟ್ ಕಿಟಕಿಯೊಳಗೆ ಕೈ ಚಾಚಿದ ಕೂಡಲೇ ಒಳಗಿದ್ದವನು ಹಣೆ ಚಚ್ಚಿಕೊಂಡ.

"ಮತ್ತೆ ಬಂದ್ರಾ ಅಮ್ಮಾವ್ರೇ? ಇದನ್ನ ತೆಗೆದ ಡೈರೆಕ್ಟರೂ ಇಷ್ಟು ಸಲ ನೋಡಿರಲ್ಲ. ಇವತ್ತೇ ಕೊನೆ ಆಟ."

"ಕೊನೇದಾದ್ರೂ ನೆಟ್ಟಗೆ ತೋರಿಸ್ರಪ್ಪ."

"ಎಳೆದಾಡಿದ್ದಾರೆ ಅಂತ ಜನ ಬೈದ್ರಲ್ಲ, ಅಲ್ಲಲ್ಲಿ ಕತ್ತರಿಸಿ ಕಳಿಸಿದ್ದಾರೆ. ನಿಮಗೂ ಹಿಂಸೆ ಕಮ್ಮಿ."

ಅವಳು ಕಿಟಕಿಗೆ ಇನ್ನಷ್ಟು ಬಾಗಿದಳು. "ಯಾವ ಸೀನು ಕತ್ತರಿಸಿದ್ರು?"

"ನಾನೇನು ಒಳಗೆ ಕೂತು ನೋಡ್ತೀನಾ? ನನಗೂ ಹೆಂಡ್ತಿ ಮಕ್ಕಳಿದ್ದಾರೆ!"

ಅರ್ಧ ದಿನ ರಜೆ ಹಾಕಿ ಜೊತೆಗೆ ಬಂದಿದ್ದ ಮಗಳು ಮೆಟ್ಟಿಲ ಬಳಿ ತಡೆದು ಕೇಳಿದಳು. "ಅಮ್ಮ, ಅಂಥದ್ದೇನಿದೆ ಇದರಲ್ಲಿ?"

"ನಿಮ್ಮಪ್ಪ ಇದ್ದಾರೆ."

ಸಿನಿಮಾದಲ್ಲಿ ನಡೆಯುವವನು ಒಬ್ಬ, ಸಪ್ಪಳ ಇನ್ನೊಬ್ಬನದು. ಚಿತ್ರೀಕರಣ ಮುಗಿದ ಮೇಲೆ, ಮುಚ್ಚಿದ ಕೋಣೆಯಲ್ಲಿ ತೆರೆಯನ್ನು ನೋಡುತ್ತ, ಜಲ್ಲಿಯ ಮೇಲೋ ಹಲಗೆಯ ಮೇಲೋ ಯಾರಾದರೂ ಆ ಹೆಜ್ಜೆಗಳನ್ನು ಹಾಕಬೇಕು. ನಾಯಕರ ಹೆಜ್ಜೆಗಳೆಲ್ಲ ಗಂಡನವು, ಅದಕ್ಕೇ ಅವನು ಬೂಟಪ್ಪ, ನಾಯಕಿಯರವು ಇವಳವು. ಅವನದು ಒಂದೇ ಕಟ್ಟಪ್ಪಣೆ: "ಕಣ್ಣು ತೆರೆ ಮೇಲಿರ್ಲಿ. ನನ್ನ ಸದ್ದು ಬೆನ್ನ ಹಿಂದೆ ಬರುತ್ತೆ, ತಿರುಗಿ ನೋಡಿದ್ಯೋ, ಕೆಟ್ಟೆ."

ಈ ಚಿತ್ರವೇ ಅವರ ಕೊನೆಯದು. ಬೆಟ್ಟ ಅಗೆದು ಇಲಿ ಹಿಡಿದ ಕಥೆ. ಮೊದಲ ದೃಶ್ಯದಲ್ಲೇ ಊರಿಗೆಲ್ಲ ಗುರುತು ಸಿಗುವ ಗೂಢಚಾರ, ಶತ್ರುವಿನ ಮಗಳ ಮೇಲೆ ಅಡ್ಡಗೋಡೆಯ ಮೇಲೆ ದೀಪವಿಟ್ಟಂಥ ಪ್ರೀತಿ. ಒಂದು ಕಡೆ ಅವನು ಅವಳ ಬಾಗಿಲವರೆಗೆ ಬಂದು, ಕರ್ತವ್ಯ ನೆನಪಾಗಿ, ನಿಂತು ಹಿಂದಿರುಗುತ್ತಾನೆ. ಕೋಣೆಯಲ್ಲಿ ಆ ಹೆಜ್ಜೆಗಳನ್ನು ಹಾಕುವಾಗ ತೆರೆಯ ಮೇಲಿನವನು ನಿಂತ. ಅಷ್ಟರಲ್ಲಾಗಲೇ ಉಸಿರು ಸಾಲದೆ ಬಳಲುತ್ತಿದ್ದ ಬೂಟಪ್ಪ ನಿಲ್ಲಲಿಲ್ಲ. ಇನ್ನೂ ಒಂದು ಹೆಜ್ಜೆ ಬಿತ್ತು. ಅದು ನಾಯಕನದಲ್ಲ, ಎಡ ಹಿಮ್ಮಡಿ ಎಳೆಯುವ, ಮನೆಯ ಅಂಗಳದಲ್ಲಿ ಮಾತ್ರ ಕೇಳುತ್ತಿದ್ದ ಹೆಜ್ಜೆ.

"ರೀ, ಒಂದು ಜಾಸ್ತಿ ಆಯ್ತು. ಮತ್ತೆ ಮಾಡೋಣ."

"ಬಿಡೇ, ಯಾರು ಕಿವಿಗೊಡ್ತಾರೆ? ಬಾಗಿಲವರೆಗೂ ಬಂದೋನು ಒಂದು ಹೆಜ್ಜೆ ಒಳಗೂ ಬರ್ಲಿ."

ಚಿತ್ರ ಬಿಡುಗಡೆಯಾಗುವಷ್ಟರಲ್ಲಿ ಅವನಿರಲಿಲ್ಲ. ಮನೆಯಲ್ಲಿ ಫೋಟೋಗಳಿದ್ದವು; ಫೋಟೋಕ್ಕೆ ಸದ್ದಿಲ್ಲ. ಅವನದೇ ಎನ್ನುವ ಸದ್ದು ಲೋಕದಲ್ಲಿ ಉಳಿದಿದ್ದು ಆ ಒಂದೇ ಹೆಜ್ಜೆ.

ಒಳಗೆ ಖಾಲಿ ಕುರ್ಚಿಗಳು. ಗೂಢಚಾರ ಓಣಿ ತಿರುಗಿದಾಗ ಅವಳು ಮಗಳ ಕೈ ಅಮುಕಿದಳು. "ಈಗ ಬರುತ್ತೆ. ಕೇಳು."

ಢಮಾರ್! ತೆರೆಯ ಮೇಲೆ ಗುಂಡು ಹಾರಿತು. ಓಣಿಯಿಂದ ಕಥೆ ನೇರ ಗುಂಡಿನ ಕಾಳಗಕ್ಕೆ ಜಿಗಿದಿತ್ತು. ನಡುವಿನ ಬಾಗಿಲಿಲ್ಲ, ನಿಂತದ್ದಿಲ್ಲ, ಹೆಜ್ಜೆಯಿಲ್ಲ.

ಮಗಳಿಗೆ ಹೇಳದೆಯೇ ಅರ್ಥವಾಯಿತು. "ಅದನ್ನೇ ತೆಗೆದುಬಿಟ್ರಾ ಅಮ್ಮ?"

ಅವಳು ಮುಕ್ತಾಯದ ಚುಂಬನದವರೆಗೂ ಕಲ್ಲಿನಂತೆ ಕೂತಿದ್ದಳು.

ಮಗಳು ಗಾಡಿ ಹಿಡಿಯಲು ಮುಂದೆ ಹೋದಳು. ಹಿಂದೆ ಉಳಿದವರು ಯಾರೂ ಇರಲಿಲ್ಲ. ಹೊರಹೋಗುವ ಉದ್ದನೆಯ ಓಣಿಗೆ ಕಲ್ಲು ಹಾಸಿತ್ತು. ತನ್ನ ಚಪ್ಪಲಿಯ ಸದ್ದು ಗೋಡೆಗಳಿಗೆ ಬಡಿದು ಮರಳುವುದನ್ನು ಕೇಳುತ್ತ ಅವಳು ನಿಧಾನವಾಗಿ ನಡೆದಳು. ಕೊನೆಯ ಬಾಗಿಲನ್ನು ತಳ್ಳಿ, ಕಣ್ಣಿಗೆ ಬಿಸಿಲು ಹೊಡೆದಂತಾಗಿ, ನಿಂತಳು. ಸದ್ದೂ ನಿಂತಿತು.

ಆಮೇಲೆ, ಬೆನ್ನ ಹಿಂದೆ, ಒಂದು ಹೆಜ್ಜೆ ಹೆಚ್ಚಾಗಿ ಬಿತ್ತು. ಎಡ ಹಿಮ್ಮಡಿ ಕಲ್ಲಿನ ಮೇಲೆ ಎಳೆಯಿತು.

ಕುತ್ತಿಗೆ ತಾನಾಗಿಯೇ ಹೊರಳಹೊರಟಿತ್ತು, ತಡೆದುಕೊಂಡಳು. ಕಣ್ಣು ಎದುರಿನ ಬೀದಿಯ ಮೇಲೇ ಇತ್ತು.

ಮಗಳು ಗಾಡಿಯಿಂದ ಕೂಗಿದಳು. "ಬಾರಮ್ಮ! ಬಾಗಿಲು ಹಿಡ್ಕೊಂಡು ಯಾರಿಗೆ ಕಾಯ್ತಿದೀಯ?"

ಅವಳು ಪಕ್ಕಕ್ಕೆ ಸರಿದು, ಒಬ್ಬ ಮನುಷ್ಯ ದಾಟುವಷ್ಟು ಜಾಗ ಬಿಟ್ಟು, ಬಾಗಿಲನ್ನು ಇನ್ನಷ್ಟು ಅಗಲವಾಗಿ ಹಿಡಿದಳು.